ಎರ್ರಮ್ಮನ ಸೊನ್ನೆ ಟಿಕೆಟ್ಟುಗಳು

ನನ್ನ ಹೆಂಡತಿಯ ಬಗ್ಗೆ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದು ಇಪ್ಪತ್ತೊಂಬತ್ತು ವರ್ಷ ನಂಬಿಕೊಂಡಿದ್ದೆ. ಹೋದ ಭಾನುವಾರ ಬೆಳಿಗ್ಗೆ ಆ ನಂಬಿಕೆ ನೆಲಕಚ್ಚಿತು. ಕೆಡವಿದವಳು ಮೇಘನಾ ಎಂಬ ಹುಡುಗಿ, ಕಾಲೇಜಿನಿಂದ ಸರ್ವೆಗೆ ಬಂದವಳು.

ನಾನು ಹಿಂದೂಪುರದಲ್ಲಿ ಸೀರೆ ಅಂಗಡಿ ಇಟ್ಟಿರುವ ತಿಪ್ಪೇರುದ್ರಪ್ಪ. ಮನೆಯಲ್ಲಿ ಕನ್ನಡ, ಗಲ್ಲಾಪೆಟ್ಟಿಗೆಯ ಹತ್ತಿರ ತೆಲುಗು. ಆಂಧ್ರದಲ್ಲಿರುವ ನಮ್ಮಂಥ ಕನ್ನಡದ ಮನೆಯವರು ಎಲ್ಲೆಲ್ಲಿಗೆ ಹೋಗುತ್ತಾರೆ, ಏನು ಖರ್ಚು ಮಾಡುತ್ತಾರೆ ಎಂಬುದು ಮೇಘನಾಳ ಪ್ರಶ್ನೆ. (ಅವಳ ಹಾಳೆಯ ಪ್ರಕಾರ ನಾವು ಭಾಷಾ ಅಲ್ಪಸಂಖ್ಯಾತರು. ಮನೆಯೊಳಗೂ ನಾನು ಅಲ್ಪಸಂಖ್ಯಾತನೇ ಎಂಬುದು ಆಗಿನ್ನೂ ತಿಳಿದಿರಲಿಲ್ಲ.)

ನಾನು ಕಾಲ ಮೇಲೆ ಕಾಲು ಹಾಕಿ ಕುಳಿತೆ. "ಬರ್ಕೊಳ್ಳಮ್ಮ. ಪ್ರಯಾಣ ಇಲ್ಲ, ಖರ್ಚೂ ಇಲ್ಲ. ನಮ್ದು ಊರೂರು ತಿರುಗೋ ಸಂಸಾರ ಅಲ್ಲ ಕಣಮ್ಮ."

"ಹೆಂಗಸ್ರನ್ನ ಬೇರೆಯಾಗಿ ಕೇಳ್ಬೇಕು ಸಾರ್. ಅದಕ್ಕೆ ಇನ್ನೊಂದು ಹಾಳೆ ಐತೆ."

"ಅವಳು ತರಕಾರಿ ಮಾರ್ಕೆಟ್ ಬಿಟ್ರೆ ಏನೂ ನೋಡಿಲ್ಲ. ಕೇಳ್ಕೊ."

ಎರ್ರಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ. ಮುಚ್ಚಳ ತೆಗೆದರೆ ಒಳಗೆ ರಬ್ಬರ್ ಬ್ಯಾಂಡ್ ಹಾಕಿದ ಬಸ್ ಟಿಕೆಟ್ಟುಗಳ ಕಟ್ಟು. ಎರಡು ಬಿಟ್ಟು ಮಿಕ್ಕ ಎಲ್ಲದರ ಮೇಲೂ ಬೆಲೆ ಸೊನ್ನೆ.

"ಹೆಂಗಸ್ರಿಗೆ ಬಸ್ಸು ಫ್ರೀ ಆದಾಗ್ನಿಂದ ಇಟ್ಕೊಂಡಿದೀನಿ," ಎಂದಳು. "ಕಲ್ಯಾಣದುರ್ಗ ಇಪ್ಪತ್ತಾರು ಸಲ. ಪೆನುಕೊಂಡ ನಾಕು. ರೊದ್ದಂ ಒಂದು, ಅದು ನಿದ್ದೆಗಣ್ಣಲ್ಲಿ ತಪ್ಪಿ ಇಳಿದಿದ್ದು. ಪಾವಗಡ ಎರಡು, ಅವಕ್ಕೆ ಮಾತ್ರ ದುಡ್ಡು ಕೊಟ್ಟೆ. ಅದು ಕರ್ನಾಟಕದ ಬಸ್ಸು, ನಂದು ಆಂಧ್ರದ ಆಧಾರು."

ಕನ್ನಡದವಳಿಗೆ ತೆಲುಗು ಬಸ್ಸಿನಲ್ಲಿ ಪುಕ್ಕಟೆ, ಕನ್ನಡ ಬಸ್ಸಿನಲ್ಲಿ ಟಿಕೆಟ್ಟು. ಮೇಘನಾ ಇದನ್ನು ಎರಡೆರಡು ಗೆರೆ ಎಳೆದು ಬರೆದುಕೊಂಡಳು. ನನ್ನ ಕಿವಿಯಲ್ಲಿ ಮಾತ್ರ ಕಲ್ಯಾಣದುರ್ಗ ಎಂಬ ಒಂದೇ ಹೆಸರು ಗುಂಯ್‌ಗುಡುತ್ತಿತ್ತು.

ಕಲ್ಯಾಣದುರ್ಗದಲ್ಲಿರುವುದು ನನ್ನ ಒಡಹುಟ್ಟಿದ ಪೆದ್ದಕ್ಕ. ಆರು ವರ್ಷದಿಂದ ನಮಗೆ ಮಾತಿಲ್ಲ. ಅವಳ ಮಗನ ಲಗ್ನಪತ್ರಿಕೆಯಲ್ಲಿ ಸೋದರಮಾವನಾದ ನನ್ನ ಹೆಸರೇ ಇರಲಿಲ್ಲ. ನಾನು 'ಮತ್ತು ಬಂಧುಮಿತ್ರರು' ಎಂಬುದರಲ್ಲಿ ಸೇರಿಹೋಗಿದ್ದೆ. ಅಂದೇ ಈ ಮನೆಯ ಒಂದು ನರಪಿಳ್ಳೆಯೂ ಆ ಊರಿಗೆ ಕಾಲಿಡಕೂಡದು ಎಂದು ರಾಜಾಜ್ಞೆ ಹೊರಡಿಸಿದ್ದೆ. ಎರ್ರಮ್ಮ ತಲೆಯಾಡಿಸಿದ್ದಳು.

ಮೇಘನಾ ಹೋದ ಮೇಲೆ ವಿಚಾರಣೆ ಶುರುವಾಯಿತು.

"ಯಾವಾಗ ಹೋಯ್ತಿದ್ದೆ?"

"ಗುರುವಾರ ಗುರುವಾರ. ನೀವು ಅಂಗಡಿಗೆ ಹೋದ್ಮೇಲೆ. ಬಾಗ್ಲು ಹಾಕಿ ಬರೋ ಹೊತ್ಗೆ ಬಂದ್ಬುಡ್ತಿದ್ದೆ."

"ನನ್ನ ಮಧ್ಯಾಹ್ನದ ಊಟ?"

"ಬೆಳಿಗ್ಗೇನೇ ಕಟ್ಟಿ ಕೊಡ್ತಿದ್ನಲ್ಲ. ಆರಿಹೋಗೈತೆ ಅಂತ ಒಂದಿನಾನೂ ಅನ್ಲಿಲ್ಲ ನೀವು."

"ನನಗೆ ಒಂದು ಮಾತು ಹೇಳ್ಬಾರದಿತ್ತಾ?"

"ಹೇಳಿದ್ರೆ ಕಳಿಸ್ತಿದ್ರಾ?"

"ಇಲ್ಲ."

"ಅದಕ್ಕೇ ಹೇಳ್ಲಿಲ್ಲ."

ಈ ವಾದದಲ್ಲಿ ಎಲ್ಲಿ ತೂತಿದೆ ಎಂದು ಹುಡುಕುತ್ತಲೇ ಅಂಗಿ ಹಾಕಿಕೊಂಡೆ. "ನಡಿ ಈಗ್ಲೇ. ಅಕ್ಕನ ಮುಂದೇನೇ ಇತ್ಯರ್ಥ ಆಗ್ಲಿ."

ಬಸ್ಸಿನಲ್ಲಿ ಕಂಡಕ್ಟರು ಎರ್ರಮ್ಮನನ್ನು ನೋಡಿದ್ದೇ, "ಏಮಕ್ಕಾ, ಈ ವಾರಂ ಆದಿವಾರಮೇ ಬಯಲುದೇರಾವೇ," ಎಂದು ಭಾನುವಾರವೇ ಹೊರಟದ್ದನ್ನು ತೆಲುಗಿನಲ್ಲಿ ವಿಚಾರಿಸಿದ. ಅವಳು ಆಧಾರ್ ತೆಗೆಯುವ ಮೊದಲೇ ಸೊನ್ನೆ ಟಿಕೆಟ್ಟು ಹರಿದು ಕೊಟ್ಟ. ಆಮೇಲೆ ನನ್ನ ಕಡೆ ಗದ್ದ ಎತ್ತಿ, ಯಾರು ಎಂದು ಕೇಳಿದ.

"ಮಾ ಆಯನ," ಎಂದಳು. ನಮ್ಮ ಯಜಮಾನರು.

"ಉನ್ನಾರಾ?" ಎಂದ. ಇದ್ದಾರಾ ಎಂದು. (ಮರ್ಯಾದೆ ಕೊಟ್ಟೇ ಕೇಳಿದ, ಅದನ್ನು ಒಪ್ಪಿಕೊಳ್ಳಬೇಕು.)

ಪೆನುಕೊಂಡದಲ್ಲಿ ಬಸ್ಸು ಬದಲಿಸಿದೆವು. ಅಲ್ಲಿ ಹೂವಿನವಳು ಅವಳನ್ನು ಕಂಡದ್ದೇ, ಕೇಳುವ ಮೊದಲೇ ಮೊಳ ಮಲ್ಲಿಗೆ ಅಳೆದು ಕೊಟ್ಟಳು. ನಾನು ಮನಸ್ಸಿನಲ್ಲೇ ಅಕ್ಕನಿಗೆ ಹೇಳಬೇಕಾದ ಮಾತುಗಳನ್ನು ಸಾಲಾಗಿ ಜೋಡಿಸುತ್ತಿದ್ದೆ. ಆಗ ಎರ್ರಮ್ಮ ಕಿಟಕಿಯಾಚೆ ನೋಡುತ್ತಾ, "ಅಕ್ಕನ ಮಂಡಿ ಆಪರೇಷನ್ ಆಗಿ ಆರು ತಿಂಗಳಾಯ್ತು. ಮೊದ್ಲೆರಡು ತಿಂಗಳು ಹಾಸಿಗೇಲೇ ಇದ್ಲು," ಎಂದಳು.

ಜೋಡಿಸಿದ್ದ ಮಾತುಗಳಲ್ಲಿ ಅರ್ಧ ಅಲ್ಲೇ ಉದುರಿಹೋದವು.

ಕಲ್ಯಾಣದುರ್ಗದಲ್ಲಿ ಬಾಗಿಲು ತೆಗೆದವಳು ಪೆದ್ದಕ್ಕನೇ. ಕೈಯಲ್ಲಿ ಊರುಗೋಲು, ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನ ಕೆನ್ನೆ ಮುಟ್ಟಿ ನೋಡಿದಳು.

"ಬಂದ್ಯೇನ್ಲಾ ರುದ್ರ. ಬತ್ತೀನಿ ಬತ್ತೀನಿ ಅಂತ ವಾರವಾರ ನೀನು ಹೇಳಿ ಕಳಿಸ್ತಿದ್ಯಲ್ಲ. ಅಂತೂ ಬಂದೆ."

ನಾನು ಎರ್ರಮ್ಮನ ಕಡೆ ನೋಡಿದೆ. ಅವಳು ಫ್ಯಾನಿನ ಕಡೆ ನೋಡಿದಳು.

"ಇದು ನೋಡು, ನೀನು ದೀಪಾವಳಿಗೆ ಕಳಿಸಿದ್ದು," ಎಂದು ಅಕ್ಕ ಉಟ್ಟ ಸೀರೆಯ ಸೆರಗು ಹಿಡಿದು ತೋರಿಸಿದಳು. ಗಿಳಿಹಸಿರು ರೇಷ್ಮೆ. ಅಂಗಡಿಯಲ್ಲಿ ಅದು ಕಾಣೆಯಾಯಿತೆಂದು ಸೇಲ್ಸ್‌ಮನ್ ಕೊಟ್ರೇಶನಿಂದ ಮೂರು ದಿನ ಬೀರು ಜಾಲಾಡಿಸಿದ್ದೆ. "ಸೀರೆ ಇರ್ಲಿ, ತಪ್ಪಾಯ್ತು ಅಕ್ಕ ಅಂತ ಎರ್ರಮ್ಮನ ಕೈಲಿ ಹೇಳಿ ಕಳಿಸಿದ್ಯಲ್ಲ, ಅವತ್ತೆಲ್ಲಾ ಅಳ್ತಾನೇ ಇದ್ದೆ ಕಣ್ಲಾ. ತಪ್ಪು ನಂದೂ ಇತ್ತು."

ತಪ್ಪಾಯಿತು ಎಂದು ನಾನು ಹುಟ್ಟಿದಾರಭ್ಯ ಯಾರಿಗೂ ಅಂದವನಲ್ಲ. ಅವಳ ಕಣ್ಣು ತುಂಬಿದ್ದನ್ನು ನೋಡಿ ಬಾಯಿ ತಾನೇ ತೆರೆದುಕೊಂಡಿತು.

"ಹೌದಕ್ಕ, ತಪ್ಪಾಯ್ತು," ಎಂದೆ. ಅಂಥ ಕಷ್ಟವೇನೂ ಆಗಲಿಲ್ಲ. ನನ್ನ ಕಣ್ಣೂ ಒದ್ದೆಯಾಯಿತು.

ಕಾಫಿ ಕುಡಿಯುವಷ್ಟರಲ್ಲಿ ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಬಂದು ನನ್ನ ಸುತ್ತ ನಿಂತರು. ಮುಂದಿದ್ದವಳು ಪಕ್ಕದ ಮನೆಯ ಬೀರಕ್ಕ.

"ಇವ್ರೇನಾ ನಮ್ಮನ್ನೆಲ್ಲಾ ಧರ್ಮಸ್ಥಳಕ್ಕೆ ಕರ್ಕೊಂಡೋಗೋರು?"

"ಇವ್ನೇ ಕಣಮ್ಮ ನನ್ ತಮ್ಮ," ಎಂದಳು ಅಕ್ಕ, ಎದೆಯುಬ್ಬಿಸಿ. "ಹನ್ನೊಂದು ಜನಕ್ಕೂ ಗಾಡಿ, ಊಟ, ರೂಮು, ಎಲ್ಲಾ ತನ್ನದೇ ಖರ್ಚು ಅಂದವ್ನೆ."

ನಾನು ಕಾಫಿ ಲೋಟ ಕೆಳಗಿಟ್ಟು, ಎರ್ರಮ್ಮನ ಕಡೆ ಬಾಗಿ ಹಲ್ಲು ಕಚ್ಚಿ ಕೇಳಿದೆ: "ನಾನು ಯಾವಾಗ ಅಂದೆ?"

"ಮೊನ್ನೆ ಗುರುವಾರ," ಎಂದಳು ಅಷ್ಟೇ ಮೆಲ್ಲಗೆ. "ಅವ್ರೆಲ್ಲಾ ಬ್ಯಾಗು ತುಂಬ್ಕೊಂಡವ್ರೆ ಕಣ್ರೀ."

ಬೀರಕ್ಕ ಇನ್ನೊಂದು ಹೆಜ್ಜೆ ಹತ್ತಿರ ಬಂದಳು. "ಸಾರ್, ನಂಗೆ ಗಾಡೀಲಿ ತಲೆ ತಿರುಗ್ತೈತೆ. ಕಿಟಕಿ ಪಕ್ಕ ನಂಗೇ ಅಂದಿದ್ರಂತಲ್ಲ, ನಿಜವಾ?"

ಹನ್ನೊಂದು ಜನವೂ ನನ್ನ ಮುಖವನ್ನೇ ನೋಡುತ್ತಿದ್ದರು.

"ಹೌದಮ್ಮ," ಎಂದೆ. "ಅದನ್ನೇ ಮೊದಲು ಅಂದಿದ್ದೆ."