ಅನಂತಲಕ್ಷ್ಮಿಯ ಒಂದು ಹಿಡಿ ಉಪ್ಪು

ರಿಕ್ಷಾ ಹತ್ತುವಾಗ ಅನಂತಲಕ್ಷ್ಮಿ ಹೇಳಿದ್ದು ಇಷ್ಟೇ: "ರೀ, ಮಜ್ಜಿಗೆಹುಳಿಗೆ ನನ್ನ ಕೈಲಿ ಒಂದು ಹಿಡಿ ಕಲ್ಲುಪ್ಪು. ಜಾಸ್ತಿ ಹಾಕ್ಬಿಟ್ಟೀರಿ, ಜೋಕೆ!"

ಅಲಹಾಬಾದಿನಲ್ಲಿ ಮಗಳು ಅಮೂಲ್ಯಾಗೆ ಹೆರಿಗೆ ನೋವು ಶುರುವಾಗಿದೆಯೆಂದು ಪಕ್ಕದ ಲಾಡ್ಜಿನ ಫೋನಿಗೆ ಸುದ್ದಿ ಬಂದಿತ್ತು. ಅವಳು ಹೊರಟಳು, ತನ್ನ ಕೈಯನ್ನೂ ಜೊತೆಗೇ ಒಯ್ದಳು. ಕಾಶಿಯ ಬಂಗಾಲಿ ಟೋಲಾದ ಮನೆಯಲ್ಲಿ ಪುರೋಹಿತ ಕೃಷ್ಣಮೂರ್ತಿ ಒಲೆಯ ಮುಂದೆ ಒಬ್ಬರೇ ಉಳಿದರು.

ಮಧ್ಯಾಹ್ನಕ್ಕೆ ತುಮಕೂರಿನ ರಾಯರು ತಂದೆಯ ಶ್ರಾದ್ಧ ಮಾಡಲು ಬರುವವರಿದ್ದರು. ರಾಯರು ಸಾಮಾನ್ಯರಲ್ಲ, ವರ್ಷವರ್ಷವೂ ಬಸ್ಸುಗಟ್ಟಲೆ ಯಾತ್ರಿಕರನ್ನು ಕಾಶಿಗೆ ಕರೆತರುವವರು. ಇವತ್ತು ಎಲ್ಲ ಸುಸೂತ್ರವಾದರೆ ಆ ಬಸ್ಸುಗಳು ಕೃಷ್ಣಮೂರ್ತಿಯ ಪಾಲಿಗೆ. ಇಲ್ಲವಾದರೆ ದಶಾಶ್ವಮೇಧ ಘಾಟಿನಲ್ಲಿ ಛತ್ರಿ ಬಿಚ್ಚಿ ಕೂತ ಇನ್ನಾರೋ ಪುರೋಹಿತನ ಪಾಲಿಗೆ. ಮಡಿಗೆಂದು ತಣ್ಣೀರು ಮಿಂದು ಅವರು ಒದ್ದೆ ಪಂಚೆಯಲ್ಲೇ ಅಡುಗೆಗೆ ನಿಂತರು.

ಡಬ್ಬಿ ತೆಗೆದರೆ ಕಲ್ಲುಪ್ಪು ಖಾಲಿ. ಗಲ್ಲಿಯ ತುದಿಯ ಲಾಲಾನ ಅಂಗಡಿಯಲ್ಲಿ ಸಿಕ್ಕಿದ್ದು ಪೊಟ್ಟಣದ ಪುಡಿಯುಪ್ಪು. ಶ್ರಾದ್ಧದ ಅಡುಗೆಯನ್ನು ಮೊದಲೇ ನಾಲಿಗೆಗೆ ಸೋಕಿಸುವಂತೆಯೂ ಇಲ್ಲ.

ಎದುರುಮನೆಯ ಪವಮಾನಾಚಾರ್ಯರು ನಿವೃತ್ತ ಗಣಿತದ ಮೇಷ್ಟ್ರು. ಇವತ್ತು ಎಲೆಗೆ ಕೂರುವವರಲ್ಲಿ ಅವರೂ ಒಬ್ಬರು. ಕೇಳದೆಯೇ ಬಂದು ಹೇಳಿದರು: "ಹಿಡಿಗೆ ಹಿಡಿ ಹಾಕಿದ್ರೆ ಕೆಟ್ರಿ! ಕಲ್ಲುಪ್ಪಿನ ಸಂದೀಲೆಲ್ಲ ಗಾಳಿ. ಪುಡಿ ಒತ್ತಾಗಿ ಕೂರತ್ತೆ. ಕಲ್ಲುಪ್ಪಿನ ಹಿಡಿ ತೂಗಿಸಿ, ಅಷ್ಟೇ ತೂಕದ ಪುಡಿ ಹಾಕಿ. ನಮ್ಮನೇಲಿ ಕಲ್ಲುಪ್ಪಿದೆ."

"ಹಾಗಾದ್ರೆ ಅದನ್ನೇ ಹಾಕ್ಲಾ?"

"ಮುಸುರೆ ಕೈ ಬಿದ್ದ ಡಬ್ಬಿ ಕಣ್ರೀ! ಪಿತೃಗಳಿಗೆ ಆಗತ್ತೇನ್ರೀ?"

ಕಾರ್ಖಾನೆಯವರು ಮಡಿಯುಟ್ಟು ಪೊಟ್ಟಣ ಕಟ್ಟಿದರೇ ಎಂದು ಇಬ್ಬರೂ ಕೇಳಲಿಲ್ಲ.

ಇನ್ನು ಬೇಕಾದದ್ದು ಅನಂತಲಕ್ಷ್ಮಿಯಷ್ಟೇ ಅಳತೆಯ ಕೈ. ಕೃಷ್ಣಮೂರ್ತಿಯ ಅಂಗೈ ಮೊರದಗಲ. ಕೊನೆಗೆ ಹೆಂಡತಿಯ ಬಳೆ ತಂದು ಆಚಾರ್ಯರ ಪತ್ನಿ ಅಂಬುಜಾಕ್ಷಿಯ ಮುಂದಿಟ್ಟರು. ಆಕೆ ತೊಟ್ಟು ನೋಡಿದರು. ಹೇಳಿ ಮಾಡಿಸಿದ ಹಾಗೆ ಕೂತಿತು.

"ಲಕ್ಷ್ಮೀ ಬಂದು ಈ ಬಳೆ ಯಾಕೆ ನಿನ್ನ ಕೈಲಿದೆ ಅಂದ್ರೆ ನಾನೇನು ಹೇಳ್ಲಿ?"

"ಅಮ್ಮಾ, ಅವಳಿಗೆ ನಾನು ಹೇಳ್ಕೋತೀನಿ. ಮೊದಲು ಹಿಡಿ ತುಂಬಿಸಿ, ಹೊತ್ತಾಯ್ತು!"

ಮುಷ್ಟಿ ಬಿಗಿದ ಅಂಬುಜಾಕ್ಷಿ ಮುಂದೆ, ಒದ್ದೆ ಪಂಚೆಯಲ್ಲಿ ಗಡಗಡ ನಡುಗುವ ಕೃಷ್ಣಮೂರ್ತಿ ಹಿಂದೆ, ಅವರ ಹಿಂದೆ ಲೆಕ್ಕ ಒಪ್ಪಿಸುತ್ತ ಆಚಾರ್ಯರು, ಹೀಗೆ ಲಾಲಾನ ತಕ್ಕಡಿಯ ಕಡೆ ಮೆರವಣಿಗೆ ಹೊರಟಿತು. ಗಲ್ಲಿಯ ತಿರುವಿನಲ್ಲಿ ಮಲಗಿದ್ದ ಗೂಳಿ ಎದ್ದು ಬಂದು ಆಕೆಯ ಮುಷ್ಟಿಯನ್ನೇ ನೆಕ್ಕಿತು. ಆಕೆ ಕಿರುಚಿ ಕೈ ಬಿಚ್ಚಿದರು. ಗೂಳಿಗೆ ಹಬ್ಬವಾಯಿತು, ಮೂವರೂ ವಾಪಸು ಹೋಗಿ ಇನ್ನೊಂದು ಹಿಡಿ ತಂದರು.

ಹಿಡಿ ಉಪ್ಪು ತೂಗಿಸಲು ಇಡೀ ಮನೆತನವೇ ಬಂದದ್ದು ಕಂಡು ಲಾಲಾ ಕೇಳಿದ: "ಪಂಡಿತ್‌ಜೀ, ಮುಠ್ಠೀಭರ್ ನಮಕ್ ತೌಲ್‌ನೇ ಪೂರಾ ಖಾನ್‌ದಾನ್ ಆಯಾ ಹೈ?"

ಅರವತ್ತು ಗ್ರಾಂ ತೂಗಿತು. ಅಷ್ಟೇ ಪುಡಿಯುಪ್ಪು ತೂಗಿಸಿಕೊಂಡು, ಮೈಲಿಗೆಯಾಯಿತೆಂದು ಮತ್ತೆ ತಣ್ಣೀರು ಸುರಿದುಕೊಂಡು, ದೇವರ ಮೇಲೆ ಭಾರ ಹಾಕಿ ಕೃಷ್ಣಮೂರ್ತಿ ಅದನ್ನು ಪಾತ್ರೆಗೆ ಹಾಕಿದರು.

ಶ್ರಾದ್ಧದ ಎಲೆಯ ಮುಂದೆ ಮೌನ. ಅಡುಗೆ ಕೆಟ್ಟಿದೆ ಅನ್ನುವಂತಿಲ್ಲ, ಚೆನ್ನಾಗಿದೆ ಅನ್ನುವಂತೆಯೂ ಇಲ್ಲ. ರುಚಿಯ ಮಾತೆತ್ತಿದರೆ ಪಿತೃಗಳು ಎದ್ದು ಹೋಗುತ್ತಾರೆ. ಕರ್ಮವನ್ನು ಮೊದಲಿನಿಂದ ಮಾಡಬೇಕು. ಕೃಷ್ಣಮೂರ್ತಿ ಸೌಟು ಹಿಡಿದು ಮುಖಗಳನ್ನೇ ನೋಡಿದರು. ಒಬ್ಬರು ಹುಬ್ಬೇರಿಸಿದರು. ಉಪ್ಪು ಹೆಚ್ಚಾಯಿತೇ? ಇನ್ನೊಬ್ಬರು ಗಟಗಟ ನೀರು ಕುಡಿದರು. ಕೆಟ್ಟೆನಪ್ಪಾ! ಪಕ್ಕದಲ್ಲಿ ಕೈಮುಗಿದು ನಿಂತ ರಾಯರು ಇವರನ್ನೇ ದಿಟ್ಟಿಸುತ್ತಿದ್ದರು.

ಪವಮಾನಾಚಾರ್ಯರು ಮಜ್ಜಿಗೆಹುಳಿ ಕಲಸಿ ಬಾಯಿಗಿಟ್ಟರು. ಕಣ್ಣರಳಿತು, ಎದೆಯುಬ್ಬಿತು.

"ಆಹಾ! ನಾನು ಹೇಳ್ಲಿಲ್ವೇನ್ರೀ? ಉಪ್ಪು ಅಂದ್ರೆ ಇದು! ಹದ ಅಂದ್ರೆ ಹದ!"

ಎಲ್ಲರ ಕೈ ಎಲೆಯ ಮೇಲೇ ನಿಂತಿತು. ಆಚಾರ್ಯರು ಎಡಗೈಯಿಂದ ಬಾಯಿ ಮುಚ್ಚಿಕೊಂಡರು.

ರಾಯರ ಮುಖ ಕೆಂಪಾಯಿತು. "ಹಾಗಾದ್ರೆ ನಮ್ಮಪ್ಪ ಎದ್ದು ಹೋದ್ರಾ?"

"ನಾಳೆ... ನಾಳೆ ಮತ್ತೆ ಮಾಡೋಣ, ರಾಯರೇ," ಕೃಷ್ಣಮೂರ್ತಿ ತೊದಲಿದರು.

"ಮಾಡ್ಲೇಬೇಕಲ್ಲ! ನಾಳೆನೂ ಕೆಟ್ರೆ, ನನ್ನ ಬಸ್ಸಿನವರು ನಿಮ್ಮ ಹೊಸ್ತಿಲು ತುಳಿಯೋದಿಲ್ಲ."

ರಾಯರು ಹೊರಟ ಮೇಲೆ ಆಚಾರ್ಯರು ಕೃಷ್ಣಮೂರ್ತಿಯ ಹತ್ತಿರ ಸರಿದು ಪಿಸುಗುಟ್ಟಿದರು:

"ನಾಳೆ ಉಪ್ಪು ಒಂಚೂರು ಕೆಡಿಸಿಬಿಡಿ. ಚೆನ್ನಾಗಿದ್ರೆ ನನ್ನ ಬಾಯಿ ಸುಮ್ನಿರಲ್ಲ. ಎಷ್ಟು ಗ್ರಾಂ ಹಾಕಿದ್ರೆ ಕೆಡತ್ತೆ ಅಂತ ನಾನೇ ಲೆಕ್ಕ ಹಾಕಿ ಕೊಡ್ತೀನಿ."