ಮ್ಯೂಸಿಯಂ ಉಳಿಸಿದ ತೂತಿನ ನಾಣ್ಯ

ನಾನು ಮಣ್ಣಿಗೆ ಕೈ ಹಾಕಿದಾಗಲೆಲ್ಲ ಏನಾದರೊಂದು ಸಿಕ್ಕೇ ಸಿಗುತ್ತದೆ, ನಾಣ್ಯ ಒಂದನ್ನು ಬಿಟ್ಟು.

ಮಿಶಿಗನ್ನಿನ ಟ್ರಾಯ್‌ನಲ್ಲಿರುವ ನಮ್ಮ ಮನೆಯ ಗ್ಯಾರೇಜಿನಲ್ಲಿ ಎರಡು ಕಾರಿಗೆ ಜಾಗವಿದೆ. ಒಂದು ಬದಿ ನನ್ನ ಕಾರು. ಇನ್ನೊಂದು ಬದಿ, ಲೋಹ ಹುಡುಕುವ ಯಂತ್ರ ಹಿಡಿದು ಹಳೆಯ ಫಾರ್ಮುಗಳಲ್ಲಿ ನಾನು ಅಗೆದು ತಂದ ಸಂಗ್ರಹ: ಕುದುರೆ ಲಾಳ, ಒಲೆಯ ಬಾಗಿಲು, ಗಾಡಿ ಚಕ್ರದ ಪಟ್ಟಿ, ಬಕೆಟ್‌ಗಟ್ಟಲೆ ಮೊಳೆ. ನಾನಿದನ್ನು ಮ್ಯೂಸಿಯಂ ಅನ್ನುತ್ತೇನೆ. ಚಳಿಗಾಲದ ಬೆಳಿಗ್ಗೆ ಹೊರಗೆ ನಿಂತ ತನ್ನ ಕಾರಿನ ಗಾಜಿನಿಂದ ಮಂಜುಗಡ್ಡೆ ಕೆರೆಯುವ ನನ್ನ ಹೆಂಡತಿ ಬೇರೆ ಹೆಸರಿಟ್ಟಿದ್ದಾಳೆ. ಅದು ಬರೆಯುವಂಥದ್ದಲ್ಲ.

ಹೋದ ವರ್ಷ ಅವಳು ಷರತ್ತು ಹಾಕಿದಳು. "ಹಿಮ ಬೀಳೋದ್ರೊಳಗೆ ಒಂದೇ ಒಂದು ಹಳೇ ಬೆಳ್ಳಿ ನಾಣ್ಯ ತನ್ನಿ ರೀ. ಇಲ್ಲಾಂದ್ರೆ ಇದೆಲ್ಲ ಗುಜರಿಗೆ, ಜಾಗ ನನ್ನ ಕಾರಿಗೆ."

ಒಂದೇ ಒಂದು ತಾನೇ, ಅಂದೆ.

೧. ಇತಿಹಾಸಕಾರ

ಲಿವೋನಿಯಾದ ಆಚೆ ಒಂದು ಹಳೆಯ ಫಾರ್ಮ್ ಇದೆ. ಯಜಮಾನ ಬಿಳಿ ಗಡ್ಡದ ಅಮೆರಿಕನ್ ಅಜ್ಜ. ಅಗೆಯಲು ಅನುಮತಿ ಕೇಳುವಾಗ ನಾನು ಇತಿಹಾಸಕಾರ ಎಂದು ಪರಿಚಯ ಮಾಡಿಕೊಂಡೆ. ಅವನು ನಂಬಿದ, ಅವತ್ತಿನಿಂದ ನಾನೂ ನಂಬಿದ್ದೇನೆ. ತನ್ನ ಮುತ್ತಜ್ಜನ ಕಾಲದಿಂದಲೂ ಮನೆಯ ಕಸವನ್ನೆಲ್ಲ ಕೊಟ್ಟಿಗೆ ಹಿಂದೆಯೇ ಸುರಿಯುತ್ತಿದ್ದರು, ಬೇಕಾದಷ್ಟು ತೋಡಿಕೋ, ಅಂದ.

ಸಂಜೆಯ ಹೊತ್ತಿಗೆ ತುಕ್ಕು ಹಿಡಿದ ಡಬ್ಬ, ತಂತಿ, ಮೊಳೆ ಎಲ್ಲ ಸೇರಿ ಡಿಕ್ಕಿ ತುಂಬಿತು. ಅಜ್ಜ ತಾನೇ ಎತ್ತಿ ಎತ್ತಿ ತುಂಬಿಸಿ, ಕೈ ಕುಲುಕಿ, ನಿನ್ನಂಥವರು ಅಪರೂಪ ಅಂದ. ಅಮೆರಿಕದ ಇತಿಹಾಸ ಕನ್ನಡಿಗನೊಬ್ಬನಿಗೆ ಮನಬಿಚ್ಚಿತು ಅಂತ ನಾನು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಮುಂದಿನ ವಾರ ಅವನದೇ ಫೋನು. ಬೇಲಿ ಪಕ್ಕದ ಕಸ ಹಾಗೇ ಉಳಿದಿದೆಯಂತೆ, ಯಾವಾಗ ಬರುತ್ತೀಯ ಅಂತ.

೨. ಮುಗಿಯದ ಗಣಿ

ಬೇಲಿ ಪಕ್ಕಕ್ಕೆ ಹುಬ್ಬಳ್ಳಿಯ ಗೆಳೆಯನನ್ನೂ ಕರೆದುಕೊಂಡು ಹೋದೆ. ನನ್ನ ಯಂತ್ರ ಕಬ್ಬಿಣ ಕಂಡರೆ ಗೊರಕೆ ಹೊಡೆಯುತ್ತದೆ, ಬೆಳ್ಳಿ ಕಂಡರೆ ಗಂಟೆ ಬಾರಿಸುತ್ತದೆ ಎಂದು ಪಾಠ ಹೇಳಿ, ಯಂತ್ರವನ್ನು ಅವನ ಕೈಗೆ ಕೊಟ್ಟೆ.

ಅವನು ಮಂಡಿಯೂರಿ ಯಂತ್ರವನ್ನು ಹತ್ತಿರಕ್ಕೆ ಎಳೆದುಕೊಂಡನೋ ಇಲ್ಲವೋ, ಗಂಟೆ. ಅಗೆದ, ಏನಿಲ್ಲ. ಪಕ್ಕಕ್ಕೆ ಹೋಗಿ ಮಂಡಿಯೂರಿದ, ಮತ್ತೆ ಗಂಟೆ. "ಇಡೀ ಹೊಲಾನ ಬೆಳ್ಳಿ ಐತ್ರಿ ಸರ," ಅಂತ ಅಂಗಿ ತೋಳು ಮಡಚಿದ. ನಾನು ಮುಂದೆ, ಇನ್ನೂ ಸ್ವಲ್ಪ ಮುಂದೆ ಅಂತ ಹುರಿದುಂಬಿಸುತ್ತ ಬೇಲಿಯ ಉದ್ದಕ್ಕೂ ನಡೆಸಿದೆ. ಮಧ್ಯಾಹ್ನದ ಹೊತ್ತಿಗೆ ಅಳತೆ ಹಿಡಿದಂತೆ ಸಾಲು ಗುಂಡಿ. ಬೆವರು ಒರೆಸಲು ಅಂಗಿ ಎತ್ತಿದಾಗ ಸೊಂಟದಲ್ಲಿ ಫಳಫಳ ಹೊಳೆಯಿತು, ಅವರವ್ವ ಮಾಡಿಸಿಕೊಟ್ಟ ಬೆಳ್ಳಿ ಉಡುದಾರ.

ಅವನು ಉಡುದಾರ ನೋಡಿಕೊಂಡ, ಯಂತ್ರ ನೋಡಿದ, ಆಮೇಲೆ ನನ್ನನ್ನು ನೋಡಿದ.

"ನಿಮಗ ಯಾವಾಗ ಗೊತ್ತಾತ್ರಿ?"

"ಎರಡನೇ ಗುಂಡೀಲಿ."

"ಮತ್ಯಾಕ ಹೇಳಲಿಲ್ಲ?"

"ಅಜ್ಜನಿಗೆ ಹೊಸ ಬೇಲಿ ಕಂಬ ನೆಡೋದಿತ್ತು."

೩. ಬಿತ್ತನೆ

ಅಕ್ಟೋಬರ್ ಬಂತು, ಬೆಳ್ಳಿ ಬರಲಿಲ್ಲ. ಎಲ್ಕ್ ಗ್ರೋವ್‌ನಲ್ಲಿರುವ ಹೆಂಡತಿಯ ಅಕ್ಕನ ಮನೆಗೆ ಹೋದಾಗ, ಅಕ್ಕನ ಗಂಡನನ್ನು ಜೊತೆ ಮಾಡಿಕೊಂಡು ಹಳೆ ಸಾಮಾನಿನ ಅಂಗಡಿಗೆ ಹೋದೆ. ಅಂಚಿನಲ್ಲಿ ತೂತಿರುವ ಒಂದು ಬೆಳ್ಳಿಯ ಅರ್ಧ ಡಾಲರ್ ಸಿಕ್ಕಿತು. ಯಾರೋ ಕೊರಳಿಗೆ ಕಟ್ಟಿಕೊಂಡಿದ್ದಿರಬೇಕು. ಭಾವ, ಬಾಯಿ ಬಿಡಬೇಡಿ ಅಂತ ಕೈಮೇಲೆ ಕೈ ಹಾಕಿಸಿಕೊಂಡೆ.

ಶನಿವಾರ ಒಬ್ಬನೇ ಹೋಗಿ ಅದನ್ನು ಅಜ್ಜನ ಕೊಟ್ಟಿಗೆ ಹಿಂದೆ ಹೂತು, ಗುರುತಿಗೆ ಒಂದು ಕಡ್ಡಿ ಚುಚ್ಚಿ ಬಂದೆ. ಭಾನುವಾರ ಹೆಂಡತಿಯನ್ನು ಕರೆದೊಯ್ದು, ಮಡಚುವ ಕುರ್ಚಿ ಹಾಕಿ, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಟ್ಟು, ಇನ್ನು ನೋಡು ಅಂದೆ. ನೋಡಿದರೆ ಹಿತ್ತಲು ನುಣ್ಣಗಿದೆ. ಇತಿಹಾಸಕಾರರು ಹೆಂಡತಿ ಸಮೇತ ಬರುತ್ತಾರೆಂದು ಅಜ್ಜ ಹುಲ್ಲು ಕತ್ತರಿಸಿ, ಕಸಕಡ್ಡಿ ಎಲ್ಲ ತೆಗೆದಿದ್ದ.

ಕತ್ತಲಾಗುವವರೆಗೆ ಅಗೆದೆ. ಮೊಳೆ, ಬಾಟಲಿ ಮುಚ್ಚಳ, ಮತ್ತೆ ಮೊಳೆ.

ಆದರೂ ಎದೆ ತಟ್ಟಿ ಹೇಳಬಲ್ಲೆ: ಇಡೀ ಮಿಶಿಗನ್ನಿನಲ್ಲಿ ಬೆಳ್ಳಿ ಖಂಡಿತ ಇದೆ ಎಂದು ನಾನು ಆಣೆ ಮಾಡಬಹುದಾದ ಜಾಗ ಅದೊಂದೇ.

೪. ಕಾಲುಂಗುರ

ಹಿಮ ಬೀಳುವ ಮುಂಚಿನ ಕೊನೆಯ ಭಾನುವಾರ. ಸೋಲನ್ನು ಕಣ್ಣಾರೆ ನೋಡಬೇಕೆಂದು ಹೆಂಡತಿ ಮತ್ತೆ ಬಂದಳು. ಕೆಸರಿಗೆಂದು ಮೊಣಕಾಲುದ್ದದ ಬೂಟು ಬೇರೆ.

ಕೊಟ್ಟಿಗೆ ಹಿಂದೆ ಅವಳು ನಿಂತಿದ್ದ ಕಡೆ ಯಂತ್ರ ಆಡಿಸಿದೆ. ಗಂಟೆ ಬಾರಿಸಿತು. ನನಗೆ ನಗು ತಡೆಯಲಾಗಲಿಲ್ಲ. ಹುಬ್ಬಳ್ಳಿಯವನ ಉಡುದಾರದ ಕಥೆ ಪೂರ್ತಿ ಹೇಳಿ, "ಅದು ನಿನ್ನ ಕಾಲುಂಗುರ. ನನ್ನಂಥ ಅನುಭವಸ್ಥ ಮೋಸ ಹೋಗಲ್ಲ. ಪಕ್ಕಕ್ಕೆ ಬಾ," ಅಂದೆ.

ಅವಳು ಬರಲಿಲ್ಲ. ನನ್ನ ಕೈಯಿಂದ ಗುದ್ದಲಿ ಕಸಿದುಕೊಂಡು, ತನ್ನ ಕಾಲ ಬುಡದಲ್ಲೇ ಅಗೆದಳು. ಮಣ್ಣೊರೆಸಿ ಅಂಗೈಯಲ್ಲಿ ಹಿಡಿದಳು: ಬೆಳ್ಳಿಯ ಅರ್ಧ ಡಾಲರ್. ಅಂಚಿನಲ್ಲಿ ತೂತು.

"ಬೂಟಿಗೆ ಒತ್ತುತ್ತೆ ಅಂತ ಕಾಲುಂಗುರ ಮನೇಲೇ ತೆಗೆದಿಟ್ಟಿದೀನಿ," ಅಂದಳು.

ಅದು ನನ್ನದೇ ನಾಣ್ಯ. ಹಾಗಂತ ಹೇಳುವುದು ಹೇಗೆ? ಬಾಯಿ ಮುಚ್ಚಿಕೊಂಡು ಚಪ್ಪಾಳೆ ತಟ್ಟಿದೆ. ಅವಳು ಅಲ್ಲೇ ತೀರ್ಪು ಕೊಟ್ಟಳು: ನಾಣ್ಯ ಸಿಕ್ಕಿತು, ಆದ್ದರಿಂದ ಮ್ಯೂಸಿಯಂ ಉಳಿಯಲಿ. ಸಿಕ್ಕಿದ್ದು ತನಗೆ, ಆದ್ದರಿಂದ ನನ್ನ ಕಾರು ಹೊರಗೆ.

ಸರದಲ್ಲಿ ಪೋಣಿಸಿದ ಆ ನಾಣ್ಯ ಈಗ ಅವಳ ಕೊರಳಲ್ಲಿದೆ. ದೇವಸ್ಥಾನದಲ್ಲಿ ಯಾರಾದರೂ ಕೇಳಿದರೆ, ಕಸದ ತಿಪ್ಪೆಯಲ್ಲಿ ತಾನು ಬೆಳ್ಳಿ ಕಂಡ ಕಥೆ ಹೇಳುತ್ತಾಳೆ. ವಿದ್ಯೆ ಕಲಿಸಿದ್ದು ನಾನು ಅಂತ ನಾನು ಪಕ್ಕದಿಂದ ಸೇರಿಸುತ್ತೇನೆ. ನಾನೇ ಹೂತು ನಾನೇ ಹುಡುಕಲಾಗದ್ದನ್ನು ಹುಡುಕಿದವಳು. ಹೆಮ್ಮೆ ಆಗದೆ ಇರುತ್ತದೆಯೇ?

ಮೊನ್ನೆ ಬೆಳಿಗ್ಗೆ ನಾನು ಡ್ರೈವ್‌ವೇಯಲ್ಲಿ ಗಾಜಿನ ಮಂಜುಗಡ್ಡೆ ಕೆರೆಯುತ್ತಿದ್ದೆ. ಅವಳು ಬೆಚ್ಚಗಿನ ಕಾರನ್ನು ಗ್ಯಾರೇಜಿನಿಂದ ಹಿಂದಕ್ಕೆ ತೆಗೆದು, ನನ್ನ ಪಕ್ಕ ನಿಲ್ಲಿಸಿ, ಕಿಟಕಿ ಇಳಿಸಿದಳು.

"ರೀ, ಎಲ್ಕ್ ಗ್ರೋವ್ ಭಾವ ಫೋನ್ ಮಾಡಿದ್ರು. ಮುಂದಿನ ಸಲ ಹೂತಿಡೋವಾಗ ತೂತಿಲ್ಲದ್ದು ನೋಡಿ ತನ್ನಿ."