ಬಿಸಿಲಿಗೊಡ್ಡಿದ ಮುಖ

ಎಡವಟ್ಟು ಶುರುವಾದದ್ದು ಒಂದು ಬಾಟಲಿಯಿಂದ. ಬಿಸಿಲಿಗೆ ಚರ್ಮ ಸುಡದಂತೆ ಕೀರ್ತಿಕುಮಾರ್ ಹಸಿ ಕಾಫಿ ಬೀಜದ ಸಾರದಿಂದ ಕ್ರೀಮು ಮಾಡಿದ್ದ. ಬೆಳಕು ತಾಗಿದರೆ ಅದರ ಸತ್ವ ಸಾಯುತ್ತದೆಂದು ನಿಂಬೆಹುಳಿ ಬೆರೆಸಿ, ಕಂದು ಬಾಟಲಿಯಲ್ಲಿ ತುಂಬಿ, ಶನಿವಾರಸಂತೆಯ ದೊಡ್ಡಪ್ಪ ಮರುಳಸಿದ್ದಪ್ಪನವರಿಗೆ ಕೊಟ್ಟು ಹೋಗಿದ್ದ. ಕಣದಲ್ಲಿ ಕಾಫಿ ಒಣಗಿಸುವ ದೊಡ್ಡಪ್ಪ ತಿಂಗಳಿಡೀ ಅದನ್ನು ಮುಖಕ್ಕೆ ಹಚ್ಚಿಕೊಳ್ಳಬೇಕು. ಇಂದು ಮೈಸೂರಿನ ಸೋಪಿನ ಕಂಪನಿಯ ಅನುಶ್ರೀ ಬಂದು ಆ ಮುಖ ನೋಡುತ್ತಾಳೆ. ಮೆಚ್ಚಿದರೆ ಕೀರ್ತಿಗೆ ಅಲ್ಲಿ ಕೆಲಸ. ಇಲ್ಲದಿದ್ದರೆ ಮಾವನ ಗೊಬ್ಬರದಂಗಡಿಯೇ ಗತಿ.

ಬೆಳಿಗ್ಗೆ ಬಂದವನಿಗೆ ಮೊದಲು ಕಂಡದ್ದು ಕಿಟಕಿಯಲ್ಲಿಟ್ಟ ತಿಳಿಗಾಜಿನ ಭರಣಿ. ಒಳಗೆ ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿದ ಕ್ರೀಮು.

“ದೊಡ್ಡಮ್ಮ, ಇದನ್ನ ಯಾರು ಇದಕ್ಕೆ ಹಾಕಿದ್ದು?”

“ನಾನೇ ಕಣೋ, ನೀನು ಹೋದ ಮಾರನೇ ದಿನಾನೇ,” ಎಂದರು ಸುಮಿತ್ರಮ್ಮ. “ಆ ಬಾಟ್ಲಿ ಕೆಮ್ಮಿನ ಔಷಧಿ ಬಾಟ್ಲಿ ಇದ್ದಂಗಿತ್ತು. ಕಂಪನಿಯೋರು ಬಂದಾಗ ಕಣ್ಣಿಗೆ ಚೆಂದ ಕಾಣ್ಬೇಡ್ವ?”

ತಿಂಗಳಿಡೀ ದೊಡ್ಡಪ್ಪ ಹಚ್ಚಿಕೊಂಡದ್ದು ಸತ್ತ ಕ್ರೀಮು. ಕೀರ್ತಿ ಕಣಕ್ಕೆ ಓಡಿದ. ಹಣೆಯಿಂದ ಗಲ್ಲದವರೆಗೆ ಬೆವರೂ ಸಿಪ್ಪೆಯ ಧೂಳೂ ಸೇರಿ ಆ ಮುಖಕ್ಕೆ ಗಾರೆ ಮೆತ್ತಿದಂತಿತ್ತು. ಒಳಗೇನಿದೆಯೋ ಶಿವನೇ ಬಲ್ಲ. ತೊಳೆಸಿ ನೋಡೋಣವೆನ್ನುವಷ್ಟರಲ್ಲಿ ಗೇಟಿನ ಬಳಿ ಜೀಪು ನಿಂತಿತು.

“ಮುಖ ತೊಳ್ಕೊಳ್ಳಿ ಅಜ್ಜ,” ಎಂದಳು ಅನುಶ್ರೀ.

“ಮೊದ್ಲು ರೊಟ್ಟಿ ತಿನ್ನೋಣ ಮೇಡಂ. ಬಿಸಿ ಇದೆ.”

“ಮೊದ್ಲು ಮುಖ ಕೀರ್ತಿ.”

ಒಂದು ಚೊಂಬು ನೀರು, ಮತ್ತೊಂದು ಚೊಂಬು. ದೊಡ್ಡಪ್ಪ ತಲೆಯೆತ್ತಿದರು. ಕೆನ್ನೆ, ಮೂಗು, ಗಲ್ಲ ಎಲ್ಲವೂ ಹುರಿದ ಕಾಫಿ ಬೀಜ. ಹಣೆಯ ಮೇಲೆ ಮಾತ್ರ ಅಡ್ಡಕ್ಕೆ ಮೂರು ಗೆರೆ, ಕೂಸಿನ ಅಂಗಾಲಿನಷ್ಟು ತಿಳಿ.

ಅನುಶ್ರೀ ಬಗ್ಗಿ ಆ ಗೆರೆಗಳನ್ನು ಹತ್ತಿರದಿಂದ ನೋಡಿದಳು.

“ಓ, ಮೂರು ಗೆರೆಗೆ ಮಾತ್ರ ಹಚ್ಚಿಸಿ, ಉಳಿದದ್ದನ್ನ ಹೋಲಿಸಿ ನೋಡೋಕೆ ಹಾಗೇ ಬಿಟ್ರಾ? ಜಾಣರು ಕಣ್ರಿ.”

ಕೀರ್ತಿ ಗೊಬ್ಬರದಂಗಡಿ ನೆನೆದ. “ಹೌದು ಮೇಡಂ,” ಎಂದುಬಿಟ್ಟ.

“ಅಜ್ಜ, ಈ ಗೆರೆಗೆ ದಿನಾ ಹಚ್ಚಿದ್ರಾ?”

“ಒಂದಿನಾನೂ ತಪ್ಪಿಸಿಲ್ಲ ತಾಯಿ. ಸ್ನಾನ ಆದ್ಮೇಲೆ ಮೊದಲು ಅದೇ.”

“ಹಾಗಾದ್ರೆ ಕೆಲಸ ನಿಮ್ದೇ ಅಂದ್ಕೊಳ್ಳಿ ಕೀರ್ತಿ. ಅಜ್ಜ, ನೀವು ಅಲ್ಲಿಗೆ ಹಚ್ಚಿದ್ದನ್ನೇ ಸ್ವಲ್ಪ ಕೊಡಿ. ಲ್ಯಾಬಿಗೆ ಒಯ್ತೀನಿ.”

ಕೀರ್ತಿ ಭರಣಿಯತ್ತ ಕಣ್ಸನ್ನೆ ಮಾಡಿದ. ದೊಡ್ಡಪ್ಪ ತಲೆಯಾಡಿಸಿ ಒಳಗೆ ನಡೆದರು. ಭರಣಿಯನ್ನು ದಾಟಿ ದೇವರ ಕೋಣೆ ಹೊಕ್ಕು, ತಟ್ಟೆಯಲ್ಲಿ ವಿಭೂತಿಗಟ್ಟಿ ಇಟ್ಟು ತಂದರು.

“ಕೈ ತೊಳ್ಕೊಂಡು ಮುಟ್ಟು ತಾಯಿ.”

ಅನುಶ್ರೀ ಕೈ ತೊಳೆದಳು, ಹಣೆಗೆ ಇಟ್ಟುಕೊಂಡಳು, ಜೀಪು ಹತ್ತಿದಳು. ಕೀರ್ತಿಯತ್ತ ತಿರುಗಿಯೂ ನೋಡಲಿಲ್ಲ.

ಕುಸಿದು ಕೂತವನ ಬೆನ್ನು ಸವರುತ್ತ ದೊಡ್ಡಪ್ಪ ಮೆಲ್ಲಗೆ ಹೇಳಿದರು: “ಹೆದರ್ಬೇಡ ಮಗ. ಬಾಕಿ ಮುಖಕ್ಕೆ ಹಚ್ಚಿದ್ದು ನಿನ್ನ ಕ್ರೀಮು ಅಂತ ನಾನು ಬಾಯೇ ಬಿಡ್ಲಿಲ್ಲ.”